ರೋಗಿಯನ್ನು ಕೇಳಿದವರಾರು?

ಮನೆಯ ಹಿರಿಯರಿಗೆ ಕ್ಯಾನ್ಸರ್ ಎಂದು ಪತ್ತೆಯಾಗುತ್ತದೆ. ವೈದ್ಯರು ಮಗನನ್ನು ಹೊರಗೆ ಕರೆದು ವಿಷಯ ತಿಳಿಸುತ್ತಾರೆ. 'ದಯವಿಟ್ಟು ತಂದೆಗೆ ಹೇಳಬೇಡಿ' ಎಂದು ಮಗ ವಿನಂತಿಸುತ್ತಾನೆ. ಅಲ್ಲಿಂದ ಮುಂದೆ ಶಸ್ತ್ರಚಿಕಿತ್ಸೆಯೇ, ಕಿಮೋಥೆರಪಿಯೇ, ತೀವ್ರ ನಿಗಾ ಘಟಕವೇ ಎಂಬುದನ್ನು ಎಲ್ಲರೂ ಸೇರಿ ನಿರ್ಧರಿಸುತ್ತಾರೆ, ನೋವುಣ್ಣುವವರೊಬ್ಬರನ್ನು ಬಿಟ್ಟು. ಇದನ್ನು ನಾವು ಪ್ರೀತಿಯೆನ್ನುತ್ತೇವೆ!

ಆ ಹಿರಿಯರಿಗೆ ತೀರಿಸಬೇಕಾದ ಸಾಲವಿರಬಹುದು, ಬರೆಯಬೇಕಾದ ವಸೀಯತ್ತಿರಬಹುದು, ಕ್ಷಮೆ ಕೇಳಬೇಕಾದ ತಮ್ಮನಿರಬಹುದು. ಸತ್ಯವನ್ನು ಬಚ್ಚಿಡುವ ಮೂಲಕ ನಾವು ಕಸಿದುಕೊಳ್ಳುವುದು ಈ ಅವಕಾಶವನ್ನೇ ಅಲ್ಲವೇ?

ಆಸ್ಪತ್ರೆಗಳ ಧೋರಣೆಯೂ ಭಿನ್ನವಲ್ಲ. ಗಡ್ಡೆಯ ಅಳತೆ, ರಕ್ತದ ವರದಿ, ಯಂತ್ರದ ಅಂಕಿಗಳು ಕಡತದಲ್ಲಿರುತ್ತವೆ. 'ನಿಮಗೆ ಮುಖ್ಯವಾದುದೇನು? ಯಾವುದಕ್ಕೆ ಹೆದರುತ್ತೀರಿ?' ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಒಬ್ಬರಿಗೆ ಮೊಮ್ಮಗಳ ಮದುವೆಯವರೆಗೆ ಬದುಕಬೇಕು. ಅದಕ್ಕಾಗಿ ಎಂತಹ ಕಠಿಣ ಚಿಕಿತ್ಸೆಗೂ ಅವರು ಸಿದ್ಧ. ಇನ್ನೊಬ್ಬರಿಗೆ ನೋವಿಲ್ಲದೆ ಸ್ವಂತ ಮನೆಯಲ್ಲಿ ಮಲಗಿದರೆ ಸಾಕು. ರೋಗ ಒಂದೇ ಆದರೂ ಇಬ್ಬರ ಚಿಕಿತ್ಸೆ ಒಂದೇ ಆಗಬೇಕಿಲ್ಲ.

ಇದು ದಯಾಮರಣದ ವಕಾಲತ್ತು ಎಂದು ಕೆಲವರು ಹುಬ್ಬೇರಿಸಬಹುದು. ಅಲ್ಲ. ಚುಚ್ಚುಮದ್ದು ನೀಡಿ ಕೊಲ್ಲುವುದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಚೇತರಿಕೆಯ ಆಸೆಯೇ ಇಲ್ಲದಾಗ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಸುಪ್ರೀಮ್ ಕೋರ್ಟು 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. ಪ್ರಕ್ರಿಯೆ ಜಟಿಲವಾಗಿದ್ದುದರಿಂದ 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಸಾಕು. ಕರ್ನಾಟಕ ಸರಕಾರವೂ 2025ರ ಜನವರಿಯಲ್ಲಿ ಈ ತೀರ್ಪಿನ ಜಾರಿಗೆ ಆದೇಶ ಹೊರಡಿಸಿತು. ನಮ್ಮ ಎಷ್ಟು ಮನೆಗಳಿಗೆ ಈ ವಿಷಯ ಗೊತ್ತಿದೆ?

ಆದರೆ 'ಬೇಡ' ಎನ್ನುವ ಹಕ್ಕೊಂದೇ ಸಾಲದು. ನೆರೆಯ ಕೇರಳದ ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕಾರ್ಯ ಜನರ ಚಳವಳಿಯಾಗಿ ಬೆಳೆಯಿತು. ತರಬೇತಿ ಪಡೆದ ಸ್ವಯಂಸೇವಕರು ಮತ್ತು ದಾದಿಯರು ರೋಗಿಯ ಮನೆ ಬಾಗಿಲಿಗೇ ತೆರಳಿದರು. 2008ರಲ್ಲಿ ಅಲ್ಲಿನ ಸರಕಾರ ಇದಕ್ಕಾಗಿಯೇ ನೀತಿ ರೂಪಿಸಿತು. ತೀವ್ರ ನೋವಿಗೆ ಮಾರ್ಫಿನ್ ದೊರೆಯುವಂತಾಗಲೆಂದು 2014ರಲ್ಲಿ ಮಾದಕದ್ರವ್ಯ ಕಾಯ್ದೆಯನ್ನೂ ಸಡಿಲಿಸಲಾಯಿತು. ಹೀಗಿರುವಾಗ ನಮ್ಮ ಪಟ್ಟಣಗಳ ಹಿರಿಯರು ನರಳುತ್ತಲೇ ಇರಬೇಕೇಕೆ?

ಸರಕಾರವನ್ನು ಪ್ರಶ್ನಿಸೋಣ, ಆಸ್ಪತ್ರೆಗಳನ್ನೂ ಪ್ರಶ್ನಿಸೋಣ. ಅದಕ್ಕಿಂತ ಮೊದಲು ಇಂದು ರಾತ್ರಿಯೇ ತಂದೆಯ ಮಂಚದ ಬಳಿ ಕುಳಿತು, ಅವರಿಗೇನು ಬೇಕೆಂದು ಕೇಳೋಣ.