ಮೂರು ಪೆನ್ನಿಯ ಹಟ

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ತೆರಿಗೆಯ ಹೊರೆ ತಾಳಲಾರದೆ ಜನ ರೊಚ್ಚಿಗೆದ್ದರು ಎಂದೇ ನಮ್ಮಲ್ಲಿ ಬಹುತೇಕರು ಓದಿಕೊಂಡಿದ್ದೇವೆ. ಆದರೆ ಆ ವರ್ಷದ ಚಹಾ ಕಾಯ್ದೆ ಹೊಸ ತೆರಿಗೆಯನ್ನೇನೂ ಹೇರಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಬ್ರಿಟನ್ನಿನಲ್ಲಿ ಕಟ್ಟಬೇಕಿದ್ದ ಸುಂಕಕ್ಕೆ ವಿನಾಯಿತಿ ಸಿಕ್ಕಿದ್ದರಿಂದ ಅಮೆರಿಕದಲ್ಲಿ ಚಹಾ ಮೊದಲಿಗಿಂತ ಅಗ್ಗವಾಗುವುದರಲ್ಲಿತ್ತು. ಅಗ್ಗದ ಚಹಾವನ್ನು ಜನ ನೀರಿಗೆ ಸುರಿದದ್ದೇಕೆ ಎಂಬುದನ್ನು ತಿಳಿಯಲು ಲಂಡನ್ ಅದಕ್ಕೂ ಮೊದಲು ಕೈಗೊಂಡ ಎರಡು ತೀರ್ಮಾನಗಳನ್ನು ನೋಡಬೇಕು. ಒಂದು 1766ರದ್ದು, ಇನ್ನೊಂದು 1769ರದ್ದು.

ಬ್ರಿಟನ್ನಿನ ವಾದದಲ್ಲಿ ಹುರುಳಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1763ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಫ್ರೆಂಚರು ಕೆನಡಾ ಬಿಟ್ಟು ಹೊರಡಬೇಕಾಯಿತು. ಆದರೆ ಬ್ರಿಟನ್ನಿನ ಸಾಲ ಸುಮಾರು 13 ಕೋಟಿ ಪೌಂಡಿಗೆ ಏರಿತ್ತು. ಅಮೆರಿಕದ ಗಡಿ ಕಾಯಲು ಹತ್ತು ಸಾವಿರದಷ್ಟು ಸೈನಿಕರನ್ನು ಇಡಲು ಸರ್ಕಾರ ಬಯಸಿತು. ರಕ್ಷಣೆ ಪಡೆಯುವವರು ವೆಚ್ಚದಲ್ಲಿ ಪಾಲು ಕೊಡಲಿ ಎಂದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಕೇಳಿದ್ದು ಅನ್ಯಾಯವಲ್ಲ. 1765ರ ಸ್ಟಾಂಪ್ ಕಾಯ್ದೆ ಹುಟ್ಟಿದ್ದು ಹೀಗೆ. ಪತ್ರಿಕೆ, ಕರಾರುಪತ್ರ, ಕೋರ್ಟಿನ ಕಾಗದ, ಕಡೆಗೆ ಇಸ್ಪೀಟು ಎಲೆಗೂ ಸರ್ಕಾರಿ ಮುದ್ರೆ ಬೇಕಾಯಿತು. ವಸಾಹತುಗಳ ತಕರಾರು ಕಾಸಿನದಲ್ಲ, ಕೇಳುವವರು ಯಾರು ಎಂಬುದರದ್ದು. ಅಲ್ಲಿ ತೆರಿಗೆ ಹಾಕುತ್ತಿದ್ದದ್ದು ತಾವೇ ಆರಿಸಿದ ಶಾಸನಸಭೆಗಳು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವರ ಪರವಾಗಿ ಒಬ್ಬ ಸದಸ್ಯನೂ ಇರಲಿಲ್ಲ. ಬೋಸ್ಟನ್ನಿನಲ್ಲಿ ಸ್ಟಾಂಪ್ ವಿತರಕ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಲಾಯಿತು, ಅವನು ಹುದ್ದೆ ತ್ಯಜಿಸಿದ. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ವರ್ತಕರು ಬ್ರಿಟಿಷ್ ಸರಕನ್ನು ನಿಲ್ಲಿಸಿದರು. ಕಾಯ್ದೆ ಒಂದು ವರ್ಷವೂ ಬಾಳಲಿಲ್ಲ.

1766ರ ಮಾರ್ಚ್ 18ರಂದು ಅದು ರದ್ದಾಯಿತು. ಅದೇ ದಿನ ಇನ್ನೊಂದು ಕಾಯ್ದೆಗೂ ದೊರೆಯ ಅಂಕಿತ ಬಿತ್ತು. ಯಾವ ವಿಷಯದಲ್ಲೇ ಆಗಲಿ ವಸಾಹತುಗಳನ್ನು ಕಟ್ಟಿಹಾಕುವ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿಗೆ ಉಂಟು ಎಂದು ಅದು ಸಾರಿತು. ಅಮೆರಿಕದಲ್ಲಿ ಪಟಾಕಿ ಸಿಡಿಸುತ್ತಿದ್ದ ಜನ ಈ ಎರಡನೆಯ ಕಾಗದವನ್ನು ಅಷ್ಟಾಗಿ ಗಮನಿಸಲಿಲ್ಲ. ಬಿರುಕು ಮುಚ್ಚಲಾಗದಂತೆ ಆದದ್ದು ಅಂದೇ ಎಂಬುದು ನನ್ನ ಖಚಿತ ನಿಲುವು. ತೆರಿಗೆಯನ್ನು ಬಿಟ್ಟುಕೊಟ್ಟ ಸರ್ಕಾರ ಹಕ್ಕನ್ನು ಬಿಟ್ಟುಕೊಡಲಿಲ್ಲ. ಆ ಹಕ್ಕು ಕಾಗದದ ಮೇಲಷ್ಟೇ ಉಳಿದರೆ ಸತ್ತಂತೆ ಎಂಬ ಭಯದಲ್ಲಿ ಅದನ್ನು ಚಲಾಯಿಸಿ ತೋರಿಸಲು ಮುಂದಿನ ಮಂತ್ರಿಗಳು ದಾರಿ ಹುಡುಕಿದರು.

ಮರುವರ್ಷವೇ ಖಜಾನೆ ಮಂತ್ರಿ ಚಾರ್ಲ್ಸ್ ಟೌನ್ಸೆಂಡ್ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾಕ್ಕೆ ಆಮದು ಸುಂಕ ಹಾಕಿದ. ಇದರಲ್ಲಿ ಬಂದ ಹಣ ಎಲ್ಲಿಗೆ ಹೋಗಬೇಕೆಂಬ ಷರತ್ತನ್ನು ಗಮನಿಸಬೇಕು: ಅದರಿಂದ ಗವರ್ನರರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡಬಹುದಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರನ ಸಂಬಳವನ್ನು ವರ್ಷ ವರ್ಷವೂ ಮಂಜೂರು ಮಾಡುತ್ತಿದ್ದದ್ದು ಅಲ್ಲಿನ ಶಾಸನಸಭೆ. ದೊರೆಯ ಪ್ರತಿನಿಧಿ ಜನರ ಮಾತಿಗೆ ಕಿವಿಗೊಡುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಈ ವಾರ್ಷಿಕ ಮಂಜೂರಾತಿ. ಇನ್ನು ಮುಂದೆ ತನ್ನ ಸಂಬಳ ದೊರೆಯಿಂದಲೇ ಬರುತ್ತದೆ ಎಂದು ಗವರ್ನರ್ ಥಾಮಸ್ ಹಚಿನ್ಸನ್ 1772ರಲ್ಲಿ ತಿಳಿಸಿದಾಗ, ಸುಂಕದ ನಿಜವಾದ ಬೆಲೆ ಜನರಿಗೆ ಅರ್ಥವಾಯಿತು. ಆ ನವೆಂಬರಿನಲ್ಲೇ ಸ್ಯಾಮ್ಯುಯೆಲ್ ಆಡಮ್ಸ್ ಮುಂದಾಳುತನದಲ್ಲಿ ಬೋಸ್ಟನ್ನಿನ ಪತ್ರವ್ಯವಹಾರ ಸಮಿತಿ ಹುಟ್ಟಿತು. ಊರಿಂದ ಊರಿಗೆ ಹರಡಿದ ಇಂಥ ಸಮಿತಿಗಳೇ ಮುಂದೆ ಬಂಡಾಯದ ಬೆನ್ನೆಲುಬಾದವು.

ಅದಕ್ಕೂ ಮೊದಲು, 1769ರ ಮೇ 1ರಂದು, ಲಂಡನ್ನಿನ ಸಚಿವ ಸಂಪುಟದ ಮುಂದೆ ದಾರಿ ತೆರೆದೇ ಇತ್ತು. ಬಹಿಷ್ಕಾರದಿಂದ ವ್ಯಾಪಾರ ನೆಲಕಚ್ಚಿದ್ದರಿಂದ ಟೌನ್ಸೆಂಡ್ ಸುಂಕಗಳನ್ನು ತೆಗೆಯಲು ಎಲ್ಲರೂ ಸಿದ್ಧರಿದ್ದರು. ಚಹಾದ ಮೇಲಿನ ಸುಂಕವನ್ನೂ ತೆಗೆಯಬೇಕೆ ಎಂಬ ಪ್ರಶ್ನೆ ಬಂದಾಗ ಐವರು ಬೇಡವೆಂದರು, ನಾಲ್ವರು ಬೇಕೆಂದರು. ಪ್ರಧಾನಿ ಗ್ರಾಫ್ಟನ್ ಸೋತವರ ಕಡೆಗಿದ್ದ. ಪೌಂಡ್ ತೂಕಕ್ಕೆ ಮೂರು ಪೆನ್ನಿಯ ಸುಂಕ ಹೀಗೆ ಒಂದೇ ಒಂದು ಮತದಿಂದ ಉಳಿಯಿತು. ಉಳಿದವುಗಳ ರದ್ದತಿಯನ್ನು ಲಾರ್ಡ್ ನಾರ್ತ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ದು 1770ರ ಮಾರ್ಚ್ 5ರಂದು. ಅದೇ ದಿನ ಸಂಜೆ ಬೋಸ್ಟನ್ನಿನ ಬೀದಿಯಲ್ಲಿ ಸೈನಿಕರ ಗುಂಡಿಗೆ ಐವರು ಬಲಿಯಾದರು.

ಕಥೆಯ ಒಂದು ಎಳೆ ನಮ್ಮ ನೆಲವನ್ನೂ ಮುಟ್ಟುತ್ತದೆ. ಸಂಪುಟ ಮತ ಹಾಕಿದ ಅದೇ ಮೇ ತಿಂಗಳಲ್ಲಿ ಹೈದರ್ ಅಲಿಯ ಮುನ್ನಡೆಯ ಸುದ್ದಿ ತಲುಪಿ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯತೊಡಗಿತು. ಮದ್ರಾಸಿನ ಹೊರವಲಯಕ್ಕೇ ಬಂದು ನಿಂತ ಅವನೊಂದಿಗೆ ಕಂಪನಿ ಏಪ್ರಿಲ್‌ನಲ್ಲೇ ಒಪ್ಪಂದಕ್ಕೆ ಬಂದಾಗಿತ್ತು. ಬಳಿಕ ಬಂಗಾಳದ ಭೀಕರ ಕ್ಷಾಮ, 1772ರಲ್ಲಿ ಲಂಡನ್ನಿನ ಬ್ಯಾಂಕುಗಳ ಕುಸಿತ. ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಸುಮಾರು 1.7 ಕೋಟಿ ಪೌಂಡ್ ತೂಕದಷ್ಟು ಬಿದ್ದಿತ್ತು. ಕಂಪನಿಗೆ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟಿತು, ಜತೆಗೆ ಚಹಾವನ್ನು ಅಮೆರಿಕಕ್ಕೆ ನೇರವಾಗಿ ಕಳಿಸುವ ಅವಕಾಶವನ್ನೂ ಕೊಟ್ಟಿತು. ಮೂರು ಪೆನ್ನಿ ತೆಗೆಯದಿದ್ದರೆ ಅಮೆರಿಕನ್ನರು ಚಹಾ ಮುಟ್ಟುವುದಿಲ್ಲ ಎಂದು ವಿಲಿಯಂ ಡೌಡ್ಸ್‌ವೆಲ್ ಪಾರ್ಲಿಮೆಂಟಿನಲ್ಲೇ ಎಚ್ಚರಿಸಿದ. ಅಷ್ಟು ಹೊತ್ತಿಗೆ ಪ್ರಧಾನಿಯಾಗಿದ್ದ ನಾರ್ತ್ ಜಗ್ಗಲಿಲ್ಲ. ಅಗ್ಗದ ಚಹಾ ಕೊಂಡವರು ಸುಂಕವನ್ನೂ ತೆರುತ್ತಾರೆ, ತೆತ್ತವರು ಹಕ್ಕನ್ನು ಒಪ್ಪಿದಂತೆ. ವಸಾಹತುಗಳು ಅಂಜಿದ್ದು ಇದಕ್ಕೆ. ಮಾರಾಟದ ಗುತ್ತಿಗೆ ಆಯ್ದ ಕೆಲವೇ ವರ್ತಕರಿಗೆ ಸಿಕ್ಕಿತು. ಬೋಸ್ಟನ್ನಿನಲ್ಲಿ ಅವರಲ್ಲಿ ಗವರ್ನರ್ ಹಚಿನ್ಸನ್ನನ ಮಕ್ಕಳೂ ಇದ್ದರು.

ವಸಾಹತುಗಾರರ ವಾದವನ್ನು ಮೆಚ್ಚುವಾಗ ಅದರ ಒಡಲಿನ ಕ್ರೌರ್ಯವನ್ನು ಮರೆಯಲಾಗದು. ದೂರದ ಪಾರ್ಲಿಮೆಂಟ್ ತಮ್ಮನ್ನು ಗುಲಾಮರಾಗಿಸುತ್ತಿದೆ ಎಂದು ಬರೆದವರಲ್ಲಿ ಅನೇಕರು ಮನುಷ್ಯರನ್ನೇ ಕೊಂಡು ಇಟ್ಟುಕೊಂಡಿದ್ದರು. ವಸಾಹತುಗಳ ಐವರಲ್ಲಿ ಒಬ್ಬರು ಗುಲಾಮಗಿರಿಯಲ್ಲಿದ್ದರು. ಅಪಲಾಚಿಯನ್ ಬೆಟ್ಟಗಳಾಚೆಯ ನೆಲ ಮೂಲನಿವಾಸಿಗಳದು ಎಂದು ದೊರೆ 1763ರಲ್ಲಿ ಎಳೆದ ಗಡಿಯ ಮೇಲಿನ ಸಿಟ್ಟಿನಲ್ಲಿ ಭೂಮಿಯ ಆಸೆಯೇ ಹೆಚ್ಚಿತ್ತು. ಅಧಿಕಾರವನ್ನು ಪ್ರಶ್ನಿಸುವ ಅವರ ಹಕ್ಕು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಆ ಹಕ್ಕಿನ ಬಾಗಿಲು ಯಾರಿಗೆ ಮುಚ್ಚಿತ್ತು ಎಂಬುದನ್ನೂ ಹೇಳದೆ ಈ ಚರಿತ್ರೆಯನ್ನು ಬರೆಯಬಾರದು.

ಚಹಾ ಚೆಲ್ಲಿದ್ದಕ್ಕೆ ಇಡೀ ಊರಿಗೇ ದಂಡನೆಯಾಯಿತು. 1774ರಲ್ಲಿ ಬೋಸ್ಟನ್ ಬಂದರನ್ನು ಮುಚ್ಚಲಾಯಿತು, ಮ್ಯಾಸಚೂಸೆಟ್ಸ್‌ನ ಸ್ವಯಂ ಆಡಳಿತವನ್ನು ಕತ್ತರಿಸಲಾಯಿತು. ಆ ಏಪ್ರಿಲ್ 19ರಂದು ಮೂರು ಪೆನ್ನಿಯ ಸುಂಕವನ್ನಾದರೂ ಕೈಬಿಡಿ ಎಂದು ಎಡ್ಮಂಡ್ ಬರ್ಕ್ ಪಾರ್ಲಿಮೆಂಟಿನಲ್ಲಿ ದೀರ್ಘವಾಗಿ ವಾದಿಸಿದ. ಗೊತ್ತುವಳಿ ಭಾರೀ ಅಂತರದಿಂದ ಬಿದ್ದುಹೋಯಿತು. ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಒಂದಾದವು. ಬರ್ಕ್ ಮಾತಾಡಿ ಸರಿಯಾಗಿ ಒಂದು ವರ್ಷಕ್ಕೆ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿ ಯುದ್ಧ ಶುರುವಾಯಿತು.

1778ರ ಫೆಬ್ರುವರಿಯಲ್ಲಿ ನಾರ್ತ್‌ನೇ ಮಸೂದೆ ತಂದ. ಚಹಾ ಸುಂಕ ರದ್ದು, ಬೊಕ್ಕಸಕ್ಕಾಗಿ ವಸಾಹತುಗಳ ಮೇಲೆ ಪಾರ್ಲಿಮೆಂಟ್ ತೆರಿಗೆ ಹಾಕುವುದಿಲ್ಲ. ಹನ್ನೆರಡು ವರ್ಷಗಳಿಂದ ಕೇಳಿದ್ದೆಲ್ಲ ಅದರಲ್ಲಿತ್ತು. ಆದರೆ ಆ ತಿಂಗಳ 6ರಂದೇ ಅಮೆರಿಕನ್ನರು ಫ್ರಾನ್ಸ್ ಜತೆ ಒಪ್ಪಂದಕ್ಕೆ ಸಹಿ ಹಾಕಿದ್ದರು. ಲಂಡನ್ ಕಳಿಸಿದ ಸಂಧಾನಕಾರರು ಫಿಲಡೆಲ್ಫಿಯಾ ತಲುಪಿದ ಜೂನ್‌ನಲ್ಲಿ ಬ್ರಿಟಿಷ್ ಸೇನೆ ಆ ನಗರದಿಂದ ಗಂಟುಮೂಟೆ ಕಟ್ಟುತ್ತಿತ್ತು. ಒಂದೋ ಸ್ವಾತಂತ್ರ್ಯವನ್ನು ಮಾನ್ಯ ಮಾಡಿ, ಇಲ್ಲವೇ ಸೇನೆಯನ್ನು ವಾಪಸ್ ಕರೆಸಿಕೊಳ್ಳಿ, ಮಾತು ಆಮೇಲೆ ಎಂದು ವಸಾಹತುಗಳ ಪ್ರತಿನಿಧಿಸಭೆಯಾದ ಕಾಂಗ್ರೆಸ್ ಉತ್ತರ ಬರೆಯಿತು.