ದಾದಿಯ ಪುಡಿ ಡಬ್ಬಿ

ಕೆ.ಆರ್.ಪೇಟೆಯಲ್ಲಿರುವ ನಮ್ಮ ದಾದಿ ಎರಡು ತಿಂಗಳು ಬಿಪಿ ಮಾತ್ರೆ ಬಿಟ್ಟಿದ್ದರು. ಬದಲಿಗೆ ಮನೆ ಬಾಗಿಲಿಗೆ ಬಂದವನೊಬ್ಬ ಮಾರಿದ ಪುಡಿ. "ಗಿಡದ್ದು ಬೇಟಾ, ಏನೂ ಆಗಲ್ಲ" ಅನ್ನುತ್ತಿದ್ದರು. ಒಂದು ದಿನ ತಲೆಸುತ್ತು ಬಂದು ಕುಸಿದು ಕೂತರು. ಅಳೆದರೆ 190/110.

ಡಬ್ಬಿಯ ಮೇಲೆ 'ಪಾಲಿಫಿನಾಲ್' ಎಂದಿತ್ತು. ನಾನು ಕಾಮರ್ಸ್, ಸೈನ್ಸ್ ಗೆಳತಿಯನ್ನು ಕೇಳಿದೆ. ಚಹಾಕ್ಕೆ, ನೇರಳೆಗೆ ಒಗರು ಕೊಡುವುದು ಇವೇ ಅಂತೆ. ಕೆಲವು ರಕ್ತನಾಳ ಸಡಿಲಗೊಳ್ಳಲು ನೆರವಾಗುತ್ತವೆ. ನಾಗಮಂಗಲದ ರಾಗಿಯಲ್ಲೂ ಇವೆ, ಹೆಚ್ಚಿನವು ಸಿಪ್ಪೆಯಲ್ಲಿ. (ನಾವು ಜರಡಿ ಹಿಡಿದು ಬಿಸಾಡುವುದು ಅದನ್ನೇ!) ಹಾಗಾಗಿ ಮಾರಿದವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಲೆಕ್ಕ ಮಾತ್ರ ಸುಳ್ಳು. ಕೋಕೋ ಪಾಲಿಫಿನಾಲ್ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು 2017ರಲ್ಲಿ ಕೊಕ್ರೇನ್ ಸಂಸ್ಥೆ ಒಟ್ಟಿಗೆ ನೋಡಿತು. ಬಿಪಿ ಸರಾಸರಿ ಇಳಿದದ್ದು 2 ಪಾಯಿಂಟ್‌ಗೂ ಕಡಿಮೆ. ದಾದಿಯದು 140ಕ್ಕೆ ಬರಲು 50 ಇಳಿಯಬೇಕಿತ್ತು.

ಡಬ್ಬಿಗೆ 650 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಗೆ ಮಾತ್ರೆ ಉಚಿತವಾಗಿ ಸಿಗುತ್ತಿತ್ತು. ಆದರೂ ಪುಡಿಯೇ ಗೆದ್ದಿತು. ಏಕೆಂದರೆ ಮಾರುವವನು ಹತ್ತು ನಿಮಿಷ ಕೂತು ಉರ್ದುವಿನಲ್ಲಿ ಮಾತಾಡಿದ್ದ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಬಲ್ಲ ಮೊಮ್ಮಗಳು ನಾನು ಫೋನ್ ನೋಡುತ್ತಿದ್ದೆ.

ಶ್ರೀರಂಗಪಟ್ಟಣ, ಪಾಂಡವಪುರದಿಂದ ಬರುವ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಚೀಟಿ ಓದುವವರು ನಾವೇ. ಈ ಭಾನುವಾರ ಅದನ್ನು ಓದಿ ಹೇಳಿ. ರಂಜಾನ್‌ನಲ್ಲಿ ಮಾತ್ರೆ ಸಹರಿಗೋ ಇಫ್ತಾರ್‌ಗೋ ಎಂದು ಡಾಕ್ಟರನ್ನು ಮೊದಲೇ ಕೇಳಿ.

ದಾದಿ ಈಗ ಮಾತ್ರೆಯನ್ನೂ ನುಂಗುತ್ತಾರೆ, ನೇರಳೆಯನ್ನೂ ತಿನ್ನುತ್ತಾರೆ. ಉಪ್ಪಿನಕಾಯಿ ವಿಷಯಕ್ಕೆ ಮಾತ್ರ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.