ಕುಂದಾಪುರ ಸೀಮೆಯ ಪ್ರಾತಿನಿಧ್ಯ

ನಾಡಿನ ಏಕೀಕರಣಕ್ಕಾಗಿ ದುಡಿದ ಹಿರಿಯರು ಭೂಪಟದ ಮೇಲಿನ ಗೆರೆಯನ್ನು ಬರಿಯ ಮಸಿಯೆಂದು ಎಂದೂ ಬಗೆದವರಲ್ಲ. ಗೆರೆ ಎಲ್ಲಿ ಬೀಳುವುದೋ ಅಲ್ಲಿ ಪ್ರಜೆಯ ಅಹವಾಲು ಯಾರ ಕೈಸೇರಬೇಕು, ಯಾವ ಊರಿನಲ್ಲಿ ಯಾವ ಭಾಷೆಯಲ್ಲಿ ಅದನ್ನು ಹೇಳಿಕೊಳ್ಳಬೇಕು ಎಂಬುದೆಲ್ಲ ನಿರ್ಣಯವಾಗಿಬಿಡುತ್ತದೆ. ಕಾಸರಗೋಡನ್ನು ಬಿಟ್ಟರೆ ಕರಾವಳಿಯಲ್ಲಿ ಈ ಮಾತಿನ ಸತ್ಯವನ್ನು ಕುಂದಾಪುರ ಸೀಮೆಯಷ್ಟು ಕಂಡುಂಡ ಪ್ರದೇಶ ಇನ್ನೊಂದಿರಲಾರದು.

1862ರಲ್ಲಿ ಆಂಗ್ಲ ಸರಕಾರವು ಉತ್ತರ ಕನ್ನಡ ಜಿಲ್ಲೆಯನ್ನು ಮುಂಬಯಿ ಪ್ರಾಂತಕ್ಕೆ ಒಪ್ಪಿಸಿದಾಗ, ಅದುವರೆಗೆ ಆ ಜಿಲ್ಲೆಗೆ ಸೇರಿದ್ದ ಕುಂದಾಪುರ ತಾಲ್ಲೂಕನ್ನು ಮಾತ್ರ ಕತ್ತರಿಸಿ ಮದರಾಸಿನಲ್ಲಿಯೇ ಉಳಿಸಿಕೊಂಡಿತು. ಶಿರೂರಿನವನು ಮದರಾಸಿನವನಾದನು, ನೆರೆಯ ಭಟ್ಕಳದವನು ಮುಂಬಯಿಯವನಾದನು. ಸ್ವಾತಂತ್ರ್ಯ ಬಂದರೂ ಈ ಸ್ಥಿತಿ ತೊಲಗಲಿಲ್ಲ. ಕೋಟದ ಕೆ. ಆರ್. ಕಾರಂತರು 1946ರ ಪ್ರಕಾಶಂ ಮಂತ್ರಿಮಂಡಲದಲ್ಲಿ ಮಂತ್ರಿಗಳಾಗಿದ್ದುದು ನಮಗೆ ಅಭಿಮಾನದ ಸಂಗತಿಯೇ. ಆದರೆ ಆ ಮಂತ್ರಿಮಂಡಲ ಕನ್ನಡಿಗರದಾಗಿರಲಿಲ್ಲ. 1952ರಲ್ಲಿ ಕುಂದಾಪುರ, ಬ್ರಹ್ಮಾವರಗಳ ಮತದಾರರು ಆರಿಸಿದ ಸದಸ್ಯರು ಸಹ ಮದರಾಸಿನ ಶಾಸನಸಭೆಯಲ್ಲಿಯೇ ಕುಳಿತರು. 1956ರ ನವೆಂಬರ್ 1ರಂದು ಆ ದೂರ ಅಳಿಯಿತು.

ಅಲ್ಲಿಂದೀಚೆಗೆ ಈ ಸೀಮೆಯವರು ತೋರಿದ ವಿವೇಕ ಗಮನಾರ್ಹವಾದುದು. ಹೆಂಗಸರಿಗೆ ಶಾಸನಸಭೆಯ ಬಾಗಿಲು ಅಪರೂಪಕ್ಕೆ ತೆರೆಯುತ್ತಿದ್ದ ಕಾಲದಲ್ಲಿ, 1967 ಮತ್ತು 1972ರಲ್ಲಿ, ಕುಂದಾಪುರವು ವಿನಿಫ್ರೆಡ್ ಫರ್ನಾಂಡಿಸರನ್ನು ಆರಿಸಿತು. 1983ರಿಂದ ನಾಲ್ಕು ಸಲ ಕೆ. ಪ್ರತಾಪಚಂದ್ರ ಶೆಟ್ಟರು, 1999ರಿಂದ ಐದು ಸಲ ಹಾಲಾಡಿ ಶ್ರೀನಿವಾಸ ಶೆಟ್ಟರು. ನಾಲ್ವತ್ತು ವರ್ಷಗಳಲ್ಲಿ ಇಬ್ಬರೇ ಪ್ರತಿನಿಧಿಗಳು! 2012ರಲ್ಲಿ ಮಂತ್ರಿಪದವಿಯ ಆಸೆ ತೋರಿಸಿ ಕಡೆಯ ಗಳಿಗೆಯಲ್ಲಿ ಕೈಬಿಟ್ಟ ಪಕ್ಷಕ್ಕೆ ಹಾಲಾಡಿಯವರು ಬೆನ್ನುಹಾಕಿದರು. 2013ರಲ್ಲಿ ಜನ ಅವರನ್ನು ಸ್ವತಂತ್ರರಾಗಿಯೇ ಗೆಲ್ಲಿಸಿದರು. ಬ್ರಹ್ಮಾವರದಲ್ಲಿ 1994, 1999, 2004ರಲ್ಲಿ ಗೆದ್ದ ಕೆ. ಜಯಪ್ರಕಾಶ ಹೆಗ್ಡೆಯವರೂ ಪಕ್ಷದ ಚಿಹ್ನೆಯಿಲ್ಲದೆ ಗೆದ್ದು ತೋರಿಸಿದವರು. ಬೈಂದೂರು ಹೀಗೆ ಒಬ್ಬರಿಗೇ ಅಂಟಿಕೊಂಡುದಲ್ಲ. ಎ. ಜಿ. ಕೊಡ್ಗಿಯವರಿಂದ ಮೊದಲ್ಗೊಂಡು ಕೆ. ಗೋಪಾಲ ಪೂಜಾರಿ, ಕೆ. ಲಕ್ಷ್ಮೀನಾರಾಯಣ, ಮತ್ತೆ ಪೂಜಾರಿ, ಬಿ. ಎಂ. ಸುಕುಮಾರ ಶೆಟ್ಟಿ, 2023ರಲ್ಲಿ ಗುರುರಾಜ ಗಂಟಿಹೊಳೆ ಎಂದು ಅದು ಆಳನ್ನು ಬದಲಿಸುತ್ತಲೇ ಬಂದಿದೆ. ಕೊಡ್ಗಿಯವರ ಮಗ ಕಿರಣಕುಮಾರರು ಅದೇ ವರ್ಷ ಕುಂದಾಪುರದಿಂದ ಆಯ್ಕೆಯಾದರು. ಜನರ ಆಯ್ಕೆಯನ್ನು ಒಪ್ಪುವುದು ಬಿಡುವುದು ಅವರವರ ಮತ. ಇದು ಕುರಿಮಂದೆಯ ಮತವೆಂದು ಮಾತ್ರ ಯಾರೂ ಹೇಳಲಾರರು.

ಇಂಥ ಜನರನ್ನು 2008ರ ಕ್ಷೇತ್ರ ಪುನರ್ವಿಂಗಡಣೆ ಹೇಗೆ ನಡೆಸಿಕೊಂಡಿತು? 2001ರ ಜನಗಣತಿಯನ್ನು ಹಿಡಿದು ಲೆಕ್ಕ ಹಾಕಿದಾಗ ಅವಿಭಜಿತ ದಕ್ಷಿಣ ಕನ್ನಡದ 15 ಸ್ಥಾನಗಳು 13ಕ್ಕಿಳಿದವು. ಅತ್ತ ವಿಟ್ಲ, ಇತ್ತ ಬ್ರಹ್ಮಾವರ ಅಳಿದುಹೋದವು. ಬ್ರಹ್ಮಾವರದ ಪೇಟೆ ಉಡುಪಿ ಕ್ಷೇತ್ರದ ಪಾಲಾಯಿತು. ಕೋಟ ಹೋಬಳಿ ಕುಂದಾಪುರದ ಪಾಲಾಯಿತು. ಹತ್ತು ವರ್ಷಗಳ ಮೇಲೆ ಸರಕಾರವು ಬ್ರಹ್ಮಾವರವನ್ನು ತಾಲ್ಲೂಕನ್ನಾಗಿ ಮಾಡಿತು. ಮೊದಲು ನಾಲಗೆ ಕಿತ್ತು ಆಮೇಲೆ ಕಿರೀಟವಿಟ್ಟಂತೆ!

ಒಬ್ಬನ ಮತಕ್ಕೆ ಇನ್ನೊಬ್ಬನ ಮತದಷ್ಟೇ ಬೆಲೆಯಿರಬೇಕೆಂಬ ತತ್ತ್ವವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಕರಾವಳಿಯ ತಲೆಯೆಣಿಕೆ ನಿಧಾನವಾಗಿ ಬೆಳೆಯುವುದೇಕೆ? ಇಲ್ಲಿಯ ಹೆಣ್ಣುಮಕ್ಕಳು ಓದಿದರು, ಕುಟುಂಬಗಳು ಚಿಕ್ಕವಾದವು. ಗಂಡುಮಕ್ಕಳು ಹೊಟೇಲು ಕೆಲಸಕ್ಕೆಂದು ಬೆಂಗಳೂರು, ಮುಂಬಯಿಗಳನ್ನು ಸೇರಿದರು. ಹೀಗೆ ಘಟ್ಟ ಹತ್ತಿದ ಕುಂದಾಪುರದವನ ತಲೆ ಈಗ ಬೆಂಗಳೂರಿನ 28 ಸ್ಥಾನಗಳ ಲೆಕ್ಕದಲ್ಲಿ ಸೇರಿದೆ. ಅವನ ಮುದಿ ತಾಯ್ತಂದೆಗಳಿರುವ ಊರಿನ ಸ್ಥಾನ ಮಾತ್ರ ಅಳಿದಿದೆ.

ಇನ್ನೊಂದು ವಿಪರೀತವನ್ನು ನೋಡಬೇಕು. ಲೋಕಸಭೆಗೆ ಬೈಂದೂರು ಕ್ಷೇತ್ರವನ್ನು ಶಿವಮೊಗ್ಗೆಗೆ ಕೂಡಿಸಲಾಗಿದೆ. ಗಂಗೊಳ್ಳಿಯ ಮೀನುಗಾರನಿಗೆ ತಾಲ್ಲೂಕು ಕಚೇರಿ ಹೊಳೆಯಾಚೆಯ ಕುಂದಾಪುರದಲ್ಲಿ, ಜಿಲ್ಲಾ ಕಚೇರಿ ಮಣಿಪಾಲದಲ್ಲಿ, ಶಾಸಕರು ಬೈಂದೂರಿಗೆ, ಸಂಸದರು ಘಟ್ಟದ ಮೇಲಿನ ಶಿವಮೊಗ್ಗೆಗೆ. ಶಿವಮೊಗ್ಗೆಯ ಸಂಸದರು ಬೈಂದೂರಿಗೆ ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಮಾಡಿದುದು ಕಣ್ಣಿಗೆ ಕಾಣುತ್ತದೆ. ಆದರೆ ಅಡಕೆಯ ಸೀಮೆಯೊಳಗೆ ಕಡಲಿನ ಮಾತು ಎಷ್ಟು ಹೊತ್ತು ನಿಲ್ಲಬಲ್ಲುದು?

ಒಡೆದ ಸೀಮೆಗೆ ಆಗುವ ನಷ್ಟಕ್ಕೆ ವಾರಾಹಿಯೇ ಸಾಕ್ಷಿ. 1979ರಲ್ಲಿ ಅನುಮೋದನೆ ಪಡೆದ ನೀರಾವರಿ ಯೋಜನೆ. ಮೂರು ದಶಕ ಕಳೆದರೂ ಕಾಲುವೆಯಲ್ಲಿ ನೀರಿಲ್ಲ. ಆ ನೀರಿನಿಂದ ಕಬ್ಬು ಬೆಳೆದೀತೆಂದು ನಂಬಿ ಬ್ರಹ್ಮಾವರದಲ್ಲಿ ರೈತರು ಪಾಲುಹಣ ಹೂಡಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ನೀರು ಬರಲಿಲ್ಲ, ಕಬ್ಬು ಸಾಲಲಿಲ್ಲ. ನೀರು ಬರುವ ಮುಂಚೆಯೇ ಕಾರ್ಖಾನೆ ಬಾಗಿಲು ಹಾಕಿತು. ಕ್ಷೇತ್ರವಿದ್ದಾಗಲೇ ಹೀಗಾಯಿತಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಆಗ ಪ್ರಶ್ನೆ ಕೇಳಲು ಬ್ರಹ್ಮಾವರಕ್ಕೆ ತನ್ನದೆಂಬ ಒಬ್ಬ ಸದಸ್ಯನಾದರೂ ಇದ್ದನು. ಇಂದು ಆ ಪ್ರಶ್ನೆ ಇಬ್ಬರ ನಡುವೆ ಹಂಚಿಹೋಗಿದೆ.

2026ರ ಅನಂತರದ ಮೊದಲ ಜನಗಣತಿಯವರೆಗೆ ಕ್ಷೇತ್ರಗಳ ಮರುಹಂಚಿಕೆ ಬೇಡವೆಂದು 2001ರ ಸಂವಿಧಾನ ತಿದ್ದುಪಡಿ ವಿಧಿಸಿತು. ಆ ಗಡುವು ಸಮೀಪಿಸಿದೆ. ದಕ್ಷಿಣದ ರಾಜ್ಯಗಳಿಗೆ ದಿಲ್ಲಿಯಲ್ಲಿ ಆಗಬಹುದಾದ ನಷ್ಟದ ಚರ್ಚೆ ಬೆಂಗಳೂರಿನಲ್ಲಿ ಜೋರಾಗಿದೆ, ಯುಕ್ತವೂ ಆಗಿದೆ. ಆದರೆ ದಿಲ್ಲಿಯ ಮುಂದೆ ಕರ್ನಾಟಕ ಆಡುವ ಮಾತನ್ನೇ ಬೆಂಗಳೂರಿನ ಮುಂದೆ ಕರಾವಳಿ ಆಡಬೇಕಾಗಿದೆ. ಸ್ಥಾನಗಳ ಸಂಖ್ಯೆ ನಮ್ಮ ಕೈಯಲ್ಲಿಲ್ಲದಿದ್ದರೂ ಗೆರೆ ಎಲ್ಲಿ ಹಾಯಬೇಕೆಂಬುದನ್ನು ಆಯೋಗದ ಬಹಿರಂಗ ಸಭೆಯಲ್ಲಿ ಹೇಳಲು ಯಾವ ಪ್ರಜೆಗೂ ಅಡ್ಡಿಯಿಲ್ಲ. ಬ್ರಹ್ಮಾವರ ತಾಲ್ಲೂಕು ಒಡೆಯದೆ ಒಂದೇ ಕ್ಷೇತ್ರದಲ್ಲಿರಬೇಕು. ಬೈಂದೂರು ಕರಾವಳಿಯ ಲೋಕಸಭಾ ಕ್ಷೇತ್ರಕ್ಕೆ ಮರಳಬೇಕು. ಮೂರು ತಾಲ್ಲೂಕುಗಳ ಗ್ರಾಮಪಂಚಾಯತಿಗಳು ಈ ಎರಡು ಬೇಡಿಕೆಗಳನ್ನು ಠರಾವು ಮಾಡಿ, ಗ್ರಾಮಗಳ ಪಟ್ಟಿಯನ್ನೂ ನಕ್ಷೆಯನ್ನೂ ಲಗತ್ತಿಸಿ, ಆಯೋಗ ಕುಳಿತುಕೊಳ್ಳುವ ಮುನ್ನವೇ ಸಿದ್ಧವಿಟ್ಟಿರತಕ್ಕದ್ದು.